ಕಾಂಟೆಸ್ಸಾಗೆ ಮರುಜೀವ: ಮನೆಯಂಗಳದಲ್ಲಿ, ಕೈಗೆಟುಕುವ ಖರ್ಚಿನಲ್ಲಿ

ಚಳ್ಳಕೆರೆಯ ಒಂದು ಹಳೆಯ ಶೇಂಗಾ ಎಣ್ಣೆ ಗಿರಣಿಯ ಶೆಡ್ಡಿನಲ್ಲಿ ಒಂಬತ್ತು ವರ್ಷದಿಂದ ನಿಂತಿದ್ದ ಬಿಳಿ ಕಾಂಟೆಸ್ಸಾ ಕಾರನ್ನು ನಾನು ಮೊದಲು ನೋಡಿದಾಗ ಅದರ ಬಾನೆಟ್ಟಿನ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು. ಎಂಜಿನ್ ಜಾಮ್ ಆಗಿದೆ, ತಿರುಗುವುದೇ ಇಲ್ಲ ಎಂದು ಮಾಲೀಕರು ಸಂಕೋಚದಿಂದ ಬೆಲೆ ಇಳಿಸಿದರು. ನಾನು ಎಂಜಿನ್ನಿನ ಕಡೆ ನೋಡಲೇ ಇಲ್ಲ. ಎರಡೂ ಬಂಪರ್, ಗ್ರಿಲ್, ನಾಲ್ಕೂ ಬಾಗಿಲಿನ ಹಿಡಿಗಳು, ಹಿಂದಿನ ದೀಪದ ಗಾಜುಗಳು ಇದ್ದಲ್ಲೇ ಇದ್ದವು. ಕೆಳಗೆ ಮಲಗಿ ಟಾರ್ಚ್ ಬಿಟ್ಟರೆ ತಳದ ತಗಡು ಗಟ್ಟಿಯಾಗಿತ್ತು. ಮುಖದಲ್ಲಿ ಬೇಸರ ತೋರಿಸಿಕೊಂಡು ಮುಂಗಡ ಕೊಟ್ಟು ಬಂದೆ.

ಕಡಿಮೆ ದುಡ್ಡಿನಲ್ಲಿ ಹಳೆಯ ಕಾರು ಎಬ್ಬಿಸುವವರಿಗೆ ನಾನು ಹೇಳುವ ಮುಖ್ಯ ಮಾತು ಇದೇ: ಎಂಜಿನ್ ಕೆಟ್ಟ ಕಾರನ್ನು ಬೇಕಾದರೆ ಕೊಳ್ಳಿ, ಮೈ ಕೆಟ್ಟ ಕಾರನ್ನು ಕೊಳ್ಳಬೇಡಿ. ಕಾಂಟೆಸ್ಸಾದ ವಿಷಯದಲ್ಲಿ ಇದಕ್ಕೆ ಬಲವಾದ ಕಾರಣವಿದೆ. ಹಿಂದೂಸ್ತಾನ್ ಮೋಟರ್ಸ್ ಕಂಪನಿ ಬ್ರಿಟನ್ನಿನ ವಾಕ್ಸಾಲ್ ವಿಕ್ಟರ್ ಕಾರಿನ ವಿನ್ಯಾಸವನ್ನು ತಂದು ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 1984ರ ಹೊತ್ತಿಗೆ ಈ ಕಾರು ಹೊರತಂದಿತು. ಮೊದಲು ಅದರೊಳಗಿದ್ದದ್ದು ಅಂಬಾಸಿಡರಿನದೇ 1489 ಸಿ.ಸಿ. ಬಿ.ಎಂ.ಸಿ. (ಬ್ರಿಟಿಷ್ ಮೋಟರ್ ಕಾರ್ಪೊರೇಶನ್) ಎಂಜಿನ್. ಆಮೇಲೆ ಜಪಾನಿನ ಇಸುಜು ಕಂಪನಿಯ 1817 ಸಿ.ಸಿ. ಪೆಟ್ರೋಲ್ ಎಂಜಿನ್ ಬಂತು, ಡೀಸೆಲ್ ಕೂಡ ಬಂತು. ಅದೇ ಇಸುಜು ಪೆಟ್ರೋಲ್ ಎಂಜಿನ್ ಮುಂದೆ ಅಂಬಾಸಿಡರ್ 1800 ಐ.ಎಸ್.ಝಡ್.ಗೂ ಕೂತಿತು. ಹೀಗಾಗಿ ಅಂಬಾಸಿಡರ್ ಓಡಿದ ಊರಿನಲ್ಲೆಲ್ಲ ಈ ಎಂಜಿನ್ನುಗಳ ರಿಂಗು, ಪಿಸ್ಟನ್ನು, ಗ್ಯಾಸ್ಕೆಟ್ಟು, ಕ್ಲಚ್ ಪ್ಲೇಟು ಇಂದಿಗೂ ಸಿಗುತ್ತವೆ. ಆದರೆ ಕಾಂಟೆಸ್ಸಾದ ಬಂಪರ್ ಅಂಬಾಸಿಡರಿಗೆ ಆಗುವುದಿಲ್ಲವಲ್ಲ! 2002ರಲ್ಲಿ ಕಾರು ನಿಂತಿತು, ಅದರ ಹೊರಮೈ ಸಾಮಾನೂ ಅಲ್ಲಿಗೇ ನಿಂತಿತು.

ಇದನ್ನು ನಮ್ಮ ದೇಶದ ಮಸಲ್ ಕಾರ್, ಅಂದರೆ ದೊಡ್ಡ ಎಂಜಿನ್ನಿನ ಬಲಶಾಲಿ ಕಾರು, ಎಂದು ಕರೆಯುವವರಿದ್ದಾರೆ. ಉದ್ದ ಬಾನೆಟ್ಟು, ಹಿಂದಿನ ಚಕ್ರಕ್ಕೆ ಹೋಗುವ ಶಕ್ತಿ, ಗಂಭೀರ ಮುಖ, ಇಷ್ಟು ನೋಡಿದರೆ ಒಪ್ಪಬಹುದು. ಆದರೆ ಅಸಲಿ ಮಸಲ್ ಕಾರಾದ 1964ರ ಅಮೆರಿಕದ ಪಾಂಟಿಯಾಕ್ ಜಿ.ಟಿ.ಒ.ದಲ್ಲಿ 6.4 ಲೀಟರ್ ವಿ-8 ಎಂಜಿನ್, 325 ಅಶ್ವಶಕ್ತಿ; ನಮ್ಮ ಇಸುಜು ಕಾಂಟೆಸ್ಸಾದಲ್ಲಿ ಸುಮಾರು 88. ಮೊದಲಿನ ಬಿ.ಎಂ.ಸಿ. ಎಂಜಿನ್ನಿನಲ್ಲಿ ಅದೂ ಇಲ್ಲ, 50ರ ಆಸುಪಾಸು. ಅಮೆರಿಕದವರು ಲೆಕ್ಕ ಹಿಡಿದು ನಗಬಹುದು, ನಗಲಿ.

ಕೊಳ್ಳುವ ಮೊದಲು

ಕಾರು ಹುಡುಕುವಾಗ ಊರಿನ ಹವೆ ನೋಡಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿ ಕುಡಿದ ಕಾರಿನ ಬಣ್ಣ ಮೇಲೆ ಮಿರುಗುತ್ತಿದ್ದರೂ ಒಳಗೆ ತಗಡು ಹಪ್ಪಳವಾಗಿರುತ್ತದೆ. ಮಲೆನಾಡಿನ ಕಾರುಗಳಲ್ಲಿ ಕಾರ್ಪೆಟ್ಟಿನ ಅಡಿಯ ತೇವ ಆರುವುದೇ ಇಲ್ಲ. ಚಿತ್ರದುರ್ಗ, ಬಳ್ಳಾರಿ, ವಿಜಯಪುರದ ಕಡೆಯ ಕಾರಿನ ಬಣ್ಣ ಬಿಸಿಲಿಗೆ ಸುಟ್ಟಿರಬಹುದು, ಗಾಜು, ಬಾಗಿಲುಗಳ ಸುತ್ತಲಿನ ಬೀಡಿಂಗ್ ರಬ್ಬರು ಒಡೆದಿರಬಹುದು, ಆದರೆ ಕಬ್ಬಿಣ ಉಳಿದಿರುತ್ತದೆ. ನಮಗೆ ಬೇಕಾದ್ದು ಅದೇ.

ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವೊಂದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಹೋಗಿ. ಮಡ್‌ಗಾರ್ಡಿನ ಅಂಚು, ಬಾಗಿಲಿನ ಕೆಳಭಾಗ, ಹಿಂಚಕ್ರದ ಕಮಾನು, ಮುಂದಿನ ಗಾಜಿನ ಕೆಳಗಿನ ಮೂಲೆಗಳ ಮೇಲೆ ಅದನ್ನು ಇಟ್ಟು ನೋಡಿ. ಹಿಡಿಯದೆ ಜಾರಿದರೆ ಅಲ್ಲಿ ತಗಡಿಲ್ಲ, ತಗ್ಗು ಮುಚ್ಚಲು ಮೆತ್ತಿದ ಪುಟ್ಟಿ ಇದೆ. ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿ ಕೂರುವ ಗುಂಡಿಯಲ್ಲಿ ಬೆರಳಾಡಿಸಿ. ಬ್ಯಾಟರಿ ತಟ್ಟೆಯ ಅಡಿಯನ್ನೂ ನೋಡಿ, ಆಸಿಡ್ ತಿಂದ ಜಾಗ ಅದು.

ಇವೆಲ್ಲಕ್ಕಿಂತ ಮುಖ್ಯ, ಬಾಗಿಲುಗಳ ಕೆಳಗೆ ಉದ್ದಕ್ಕೆ ಓಡುವ ಪೆಟ್ಟಿಗೆಯಂಥ ಭಾಗ, ಅಂದರೆ ಸಿಲ್. ಕಾಂಟೆಸ್ಸಾಗೆ ಜೀಪಿನಂತೆ ಬೇರೆ ಚಾಸಿ ಇಲ್ಲ. ಮೈಯೇ ಅದರ ಬೆನ್ನುಮೂಳೆ. ಸಿಲ್ ಸತ್ತರೆ ಕಾರಿನ ನಡು ಮುರಿದಂತೆ. ಪರೀಕ್ಷೆ ಸುಲಭ. ಮುಂದಿನ ಬಾಗಿಲನ್ನು ಒಮ್ಮೆ ಹಾಕಿ ತೆಗೆಯಿರಿ. ಆ ಕಡೆಯ ಹಿಂಚಕ್ರವನ್ನು ಜ್ಯಾಕ್ ಮೇಲೆ ಎತ್ತಿಸಿ ಮತ್ತೆ ಹಾಕಿ ತೆಗೆಯಿರಿ. ಮೊದಲು ಸಲೀಸಾಗಿ ಕೂಡುತ್ತಿದ್ದ ಬಾಗಿಲು ಈಗ ತಗುಲಿದರೆ ನಮಸ್ಕಾರ ಹೇಳಿ ಹೊರಡಿ.

ಬಳಿಕ ಒಂದು ಹಾಳೆಯಲ್ಲಿ ಇಲ್ಲದ ಸಾಮಾನುಗಳ ಪಟ್ಟಿ ಮಾಡಿ. ಒಂದು ಪಕ್ಕದ ದೀಪದ ಗಾಜಿಗಾಗಿ ನನ್ನ ಪರಿಚಯದವರೊಬ್ಬರು ಎರಡು ವರ್ಷ ಅಲೆದರು. ಸಾಮಾನು ಪೂರ್ತಿ ಇರುವ ಓಡದ ಕಾರು, ಅರ್ಧ ಬಿಚ್ಚಿರುವ ಓಡುವ ಕಾರಿಗಿಂತ ಅಗ್ಗ. ನನ್ನ ಲೆಕ್ಕದ ಪುಸ್ತಕದಲ್ಲಿ ಕಾರಿಗೆ ಕೊಟ್ಟಷ್ಟೇ ಹಣ ಮೈಕೆಲಸಕ್ಕೂ ಬಣ್ಣಕ್ಕೂ ಹೋಗಿದೆ. ಎಂಜಿನ್ನಿಗೆ ಹೋದದ್ದು ಅದರ ಕಾಲುಭಾಗವೂ ಅಲ್ಲ.

ಕಾಗದಪತ್ರ ಸರಿಯಿಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಆರ್.ಸಿ.ಯಲ್ಲಿರುವ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ಕಾರಿನ ಮೇಲಿನ ಅಚ್ಚಿನೊಂದಿಗೆ ಹೋಲಿಸಿ. ಎಂಜಿನ್ ಬದಲಾಗಿದ್ದು ಆರ್.ಸಿ.ಯಲ್ಲಿ ದಾಖಲಾಗದಿದ್ದರೆ ಅದು ಮುಂದೆ ನಿಮ್ಮ ತಲೆನೋವು. ನೋಂದಣಿ ರದ್ದಾಗಿದೆಯೇ, ಹಳೆಯ ಬ್ಯಾಂಕ್ ಸಾಲದ ನಮೂದು ಇನ್ನೂ ಕೂತಿದೆಯೇ ಎಂದು ಸರಕಾರದ ಪರಿವಾಹನ್ ಜಾಲತಾಣದಲ್ಲಿ ನೋಡಿ. ಸಾಲದ ನಮೂದು ತೆಗೆಸಲು ಫಾರಂ 35, ಮಾಲೀಕತ್ವ ಬದಲಾವಣೆಗೆ 29 ಮತ್ತು 30, ಬೇರೆ ರಾಜ್ಯದ ಕಾರಾದರೆ ನಿರಾಕ್ಷೇಪಣಾ ಪತ್ರಕ್ಕೆ 28. ದುಡ್ಡು ಪೂರ್ತಿ ಕೊಡುವ ಮೊದಲೇ ಇವುಗಳಿಗೆ ಸಹಿ ಹಾಕಿಸಿಕೊಳ್ಳಿ. ಐದು ವರ್ಷದ ನಂತರ ಮಾಲೀಕರ ಮಕ್ಕಳನ್ನು ಹುಡುಕಿಕೊಂಡು ಹೋಗುವ ಪಾಡು ಬೇಡ.

ಜಾಗ ಮತ್ತು ಸಲಕರಣೆ

ನನ್ನ ಕಾರ್ಯಾಗಾರವೆಂದರೆ ತುಮಕೂರಿನ ಮನೆಯ ಪೋರ್ಟಿಕೋ, ಅದರ ಮುಂದೆ ಇಳಿಬಿಟ್ಟ ಎರಡು ಜಿಂಕ್ ಶೀಟು. ಮಳೆ ಬೀಳದ, ನೆಲ ಗಟ್ಟಿಯಿರುವ ಜಾಗವಿದ್ದರೆ ಸಾಕು.

ಸಾಕೆಟ್ ಸೆಟ್ಟು, ಟಾರ್ಕ್ ರೆಂಚು, ಮಲ್ಟಿಮೀಟರು, ಕಂಪ್ರೆಷನ್ ಗೇಜು, ವೈರ್ ಬ್ರಷ್ ಕೂರುವ ಆಂಗಲ್ ಗ್ರೈಂಡರು ಇವಿಷ್ಟನ್ನು ಸ್ವಂತಕ್ಕೆ ಕೊಳ್ಳಿ. ಎಂಜಿನ್ ಎತ್ತುವ ಚೈನ್ ಪುಲ್ಲಿಯಂಥವನ್ನು ಬಾಡಿಗೆಗೆ ತನ್ನಿ. ಬಿ.ಎಂ.ಸಿ. ಎಂಜಿನ್ನಿಗೆ ಇಂಚಿನ ಪಾನ ಬೇಕು, ಇಸುಜುಗೆ ಮಿಲಿಮೀಟರಿನದು. 13ರ ಪಾನವನ್ನು ಅರ್ಧ ಇಂಚಿನ ತಲೆಯ ಬೋಲ್ಟಿಗೆ ತುರುಕಿ ತಿರುಗಿಸಿದರೆ ಬೋಲ್ಟಿನ ಮೂಲೆ ಉರುಟಾಗಿ, ಅದನ್ನು ಬಿಚ್ಚಲು ಒಂದು ಭಾನುವಾರ ಹೋಗುತ್ತದೆ.

ಎರಡು ಜೊತೆ ಜ್ಯಾಕ್ ಸ್ಟ್ಯಾಂಡುಗಳಿಗೆ ಮಾತ್ರ ಜಿಪುಣತನ ಮಾಡಬೇಡಿ. ಸಿಮೆಂಟ್ ಇಟ್ಟಿಗೆ ಪೇರಿಸಿ ಕಾರಿನಡಿ ಮಲಗುವವರನ್ನು ನಾನು ಕಂಡಿದ್ದೇನೆ. ಟೊಳ್ಳು ಇಟ್ಟಿಗೆ ಒಡೆಯುವ ಮೊದಲು ಸದ್ದು ಮಾಡುವುದಿಲ್ಲ.

ಬಿಚ್ಚುವ ಪ್ರತಿ ಸಾಮಾನಿಗೆ ಮೂರು ಫೋಟೊ: ಬಿಚ್ಚುವ ಮೊದಲು, ಅರ್ಧ ಬಿಚ್ಚಿದಾಗ, ಬಿಚ್ಚಿದ ಮೇಲೆ. ಬೋಲ್ಟುಗಳನ್ನು ಖಾಲಿ ಐಸ್‌ಕ್ರೀಂ ಡಬ್ಬಗಳಲ್ಲಿ ಹಾಕಿ ಮುಚ್ಚಳದ ಮೇಲೆ ಬರೆಯಿರಿ. ಇನ್ನೊಂದು ಮಾತು, ಉತ್ಸಾಹದಲ್ಲಿ ಒಂದೇ ತಿಂಗಳಿಗೆ ಇಡೀ ಕಾರನ್ನು ಬಿಚ್ಚಿಡಬೇಡಿ. ಅರ್ಧಕ್ಕೆ ನಿಂತ ಕಾರುಗಳಲ್ಲಿ ಹೆಚ್ಚಿನವು ಹಣವಿಲ್ಲದೆ ನಿಂತವಲ್ಲ, ಯಾವ ಬೋಲ್ಟು ಎಲ್ಲಿಯದು ಎಂದು ಮರೆತು ನಿಂತವು. ಒಂದು ಭಾಗ ಬಿಚ್ಚಿ, ಮುಗಿಸಿ, ಕೂರಿಸಿ, ನಂತರ ಮುಂದಿನದು.

ಮಲಗಿದ ಎಂಜಿನ್ ಎಬ್ಬಿಸುವುದು

ಮೊದಲು ಎಂಜಿನ್ ತಿರುಗುತ್ತದೆಯೇ ನೋಡಿ. ಹಾಗೆಂದು ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆಯಬೇಡಿ. ವರ್ಷಗಟ್ಟಲೆ ನಿಂತ ಎಂಜಿನ್ನಿನ ರಿಂಗುಗಳು ಸಿಲಿಂಡರಿಗೆ ಅಂಟಿರುತ್ತವೆ; ಬಲವಂತಕ್ಕೆ ರಿಂಗು ಮುರಿಯುತ್ತದೆ, ಬೋರ್ (ಸಿಲಿಂಡರಿನ ಒಳಗೋಡೆ) ಗೀಚುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಎರಡು ಚಮಚ ತೆಳು ಎಣ್ಣೆ ಹಾಕಿ. ನಾನು ಎಂಜಿನ್ ಆಯಿಲ್ಲಿಗೆ ಸ್ವಲ್ಪ ಡೀಸೆಲ್ ಬೆರೆಸುತ್ತೇನೆ. ಮೂರು ದಿನ ಬಿಟ್ಟು, ಮುಂದಿನ ಪುಲ್ಲಿಯ ಬೋಲ್ಟಿಗೆ ಪಾನ ಹಾಕಿ, ಎಂಜಿನ್ ಸಹಜವಾಗಿ ತಿರುಗುವ ದಿಕ್ಕಿಗೆ ಮೆಲ್ಲಗೆ ಒತ್ತಿ. ಅಲುಗದಿದ್ದರೆ ಮತ್ತೆ ಎಣ್ಣೆ, ಮತ್ತೆ ಮೂರು ದಿನ. ನನ್ನದು ಹನ್ನೊಂದನೆಯ ದಿನ ಕಿರ್‌ ಎಂದು ಕಾಲು ಸುತ್ತು ತಿರುಗಿತು. ಆ ರಾತ್ರಿ ಊಟಕ್ಕೆ ಹೋಳಿಗೆಯಿದ್ದದ್ದು ಕಾಕತಾಳೀಯ.

ಇಸುಜು ಎಂಜಿನ್ನಾದರೆ ಚಾಲೂ ಮಾಡುವ ಮೊದಲೇ ಟೈಮಿಂಗ್ ಬೆಲ್ಟ್ ಬದಲಿಸಿ. ಒಣಗಿದ ಬೆಲ್ಟು ನೋಡಲು ಚೆನ್ನಾಗಿಯೇ ಇರುತ್ತದೆ, ಓಡುವಾಗ ಹರಿಯುತ್ತದೆ. ಬಿಚ್ಚುವ ಮುನ್ನ ಪುಲ್ಲಿಗಳ ಮೇಲಿನ ಗುರುತುಗಳನ್ನು ಸರಿಗೂಡಿಸಿ, ಬಿಳಿ ಬಣ್ಣದ ಚುಕ್ಕೆ ಇಟ್ಟು, ಫೋಟೊ ತೆಗೆದುಕೊಳ್ಳಿ. ಹಳೆಯ ಆಯಿಲ್ ಇಳಿಸಿ, ಹೊಸ ಫಿಲ್ಟರ್ ಹಾಕಿ, ಅಗ್ಗದ ಹೊಸ ಆಯಿಲ್ ತುಂಬಿ. ಪ್ಲಗ್ ಇಲ್ಲದೆಯೇ ಸೆಲ್ಫ್ ತಿರುಗಿಸಿ ಆಯಿಲ್ ಒತ್ತಡದ ದೀಪ ಆರುವವರೆಗೂ ಕಾಯಿರಿ. ಬೇರಿಂಗುಗಳಿಗೆ ಎಣ್ಣೆ ತಲುಪಿದ್ದಕ್ಕೆ ಅದೇ ಸಾಕ್ಷಿ.

ಈಗ ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರಿನೊಳಗಿನ ಒತ್ತಡ ಅಳೆಯುವುದು. ಮೆಕ್ಯಾನಿಕ್ ಕಿವಿಯಿಂದ ಕೇಳಿ ಹೇಳುವುದಕ್ಕೂ ಗೇಜು ಹೇಳುವುದಕ್ಕೂ ಇರುವ ವ್ಯತ್ಯಾಸವೇ ನಿಮ್ಮ ಉಳಿತಾಯ. ಎಲ್ಲ ಪ್ಲಗ್ ಬಿಚ್ಚಿ, ಇಗ್ನಿಷನ್ ಕಾಯಿಲಿನ ತಂತಿ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಪ್ರತಿ ಸಿಲಿಂಡರಿನಲ್ಲೂ ಐದಾರು ಬಡಿತದ ಅಳತೆ ಬರೆದುಕೊಳ್ಳಿ. ನಾಲ್ಕೂ ಒಂದಕ್ಕೊಂದು ಹತ್ತಿರವಿದ್ದರೆ ಎಂಜಿನ್ ಬಿಚ್ಚುವುದೇ ಬೇಡ. ಒಂದು ತೀರಾ ಕಡಿಮೆಯಿದ್ದರೆ ಅದಕ್ಕೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗಿನ ದೋಷ, ಏರದಿದ್ದರೆ ವಾಲ್ವಿನದು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಇಳಿದಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನು ಶಂಕಿಸಿ. ನನ್ನ ಎಂಜಿನ್ನಿಗೆ ಬೋರ್ ಮಾಡಿಸಲೇಬೇಕು, ಅಂದರೆ ಸಿಲಿಂಡರುಗಳನ್ನು ಕೊರೆಸಲೇಬೇಕು ಎಂದು ಇಬ್ಬರು ಹೇಳಿದ್ದರು. ಗೇಜಿನಲ್ಲಿ ಮೂರನೆಯ ಸಿಲಿಂಡರ್ ಮಾತ್ರ ಕಡಿಮೆ, ಎಣ್ಣೆ ಹಾಕಿದರೂ ಏರಲಿಲ್ಲ. ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಇಳಿಸಿ ನೋಡಿದರೆ ಒಂದು ಎಗ್ಸಾಸ್ಟ್ ವಾಲ್ವ್ ತುಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ವಾಲ್ವ್ ಗ್ರೈಂಡಿಂಗ್, ಹೊಸ ಗ್ಯಾಸ್ಕೆಟ್, ಕತೆ ಮುಗಿಯಿತು.

ಬಿ.ಎಂ.ಸಿ. ಎಂಜಿನ್ ಇರುವವರು ಹೆಡ್ ಇಳಿಸಿದಾಗ ಒಂದು ಹೆಚ್ಚುವರಿ ಕೆಲಸ ಮಾಡಿಸಿಕೊಳ್ಳಿ. ಆ ಎರಕದ ಹೆಡ್ಡು ಸೀಸವಿದ್ದ ಪೆಟ್ರೋಲಿನ ಕಾಲದ್ದು. ಸೀಸವೇ ವಾಲ್ವ್ ಸೀಟಿಗೆ ರಕ್ಷಣೆಯಾಗಿತ್ತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲ್ ಮಾತ್ರ. ಲೇತ್‌ನವರಲ್ಲಿ ಗಟ್ಟಿ ಲೋಹದ ಎಗ್ಸಾಸ್ಟ್ ಸೀಟು ಕೂರಿಸಿದರೆ ನಿಶ್ಚಿಂತೆ. ಇದರ ವಾಲ್ವ್ ಅಂತರ 0.015 ಇಂಚು, ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಅಂತರ 0.014ರಿಂದ 0.016 ಇಂಚು. ಎರಡೂ ಎಂಜಿನ್ನುಗಳ ಫೈರಿಂಗ್ ಕ್ರಮ, ಅಂದರೆ ಸಿಲಿಂಡರುಗಳಲ್ಲಿ ಕಿಡಿ ಹೊತ್ತುವ ಸರದಿ, 1-3-4-2.

ರೇಡಿಯೇಟರ್ ತೊಳೆಸುವಾಗ ಥರ್ಮೋಸ್ಟಾಟ್ ಇದೆಯೇ ನೋಡಿ. ಎಂಜಿನ್ ಬಿಸಿಯಾಗುತ್ತದೆ ಎಂದು ಯಾವುದೋ ಕಾಲದಲ್ಲಿ ಯಾರೋ ಅದನ್ನು ಕಿತ್ತು ಎಸೆದಿರುತ್ತಾರೆ. ನನ್ನದರಲ್ಲೂ ಇರಲಿಲ್ಲ. ಅದಿಲ್ಲದಿದ್ದರೆ ಎಂಜಿನ್ ಹದಕ್ಕೆ ಬರಲು ತಡವಾಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಹೊಸದು ಹಾಕಿ, ನಲ್ಲಿ ನೀರಿನ ಬದಲು ಕೂಲಂಟ್ ತುಂಬಿ.

ಟ್ಯಾಂಕ್

ಹಳೆಯ ಪೆಟ್ರೋಲ್ ಅರಗಾಗಿರುತ್ತದೆ. ಮೊದಲ ಸಲ ಚಾಲೂ ಮಾಡುವಾಗ ಟ್ಯಾಂಕಿನ ಸಹವಾಸವೇ ಬೇಡ. ಪಂಪಿಗೆ ಬರುವ ಪೈಪನ್ನು ಹೊರಗೆ ಭದ್ರವಾಗಿ ಇಟ್ಟ ಪೆಟ್ರೋಲ್ ಕ್ಯಾನಿಗೆ ಹಾಕಿ. ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇರಲಿ. ಕಾರ್ಬುರೇಟರನ್ನು ಬಿಚ್ಚಿ, ಜೆಟ್ಟುಗಳಿಗೆ ಗಾಳಿ ಊದಿ. ತಂತಿ ತೂರಿಸಿದರೆ ರಂಧ್ರ ದೊಡ್ಡದಾಗುತ್ತದೆ.

ಟ್ಯಾಂಕನ್ನು ಇಳಿಸಿ, ಹಿಡಿಯಷ್ಟು ನಟ್ಟುಗಳನ್ನು ಒಳಗೆ ಹಾಕಿ ಕುಲುಕಿ ತುಕ್ಕಿನ ಹೊಪ್ಪಳೆ ಉದುರಿಸಿ. ಬಳಿಕ ನಿಂಬೆ ಉಪ್ಪಿನ (ಸಿಟ್ರಿಕ್ ಆಮ್ಲದ) ಬಿಸಿನೀರು ತುಂಬಿ ಒಂದು ರಾತ್ರಿ ಬಿಡಿ. ಅಜ್ಜಿ ಹುಣಸೆಹಣ್ಣಿನಿಂದ ತಾಮ್ರದ ಹಂಡೆ ತಿಕ್ಕುತ್ತಿದ್ದರಲ್ಲ, ಇದೂ ಅದೇ ಹುಳಿಯ ವಿದ್ಯೆ. ಆಮೇಲೆ ಅಡುಗೆ ಸೋಡಾ ನೀರಿನಿಂದ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಎಣ್ಣೆ ಕೈಯಾಡಿಸಿ. ತೂತಿದ್ದರೆ ಮನೆಯಲ್ಲಿ ವೆಲ್ಡ್ ಮಾಡುವ ಯೋಚನೆ ಖಂಡಿತ ಬೇಡ. ಪೆಟ್ರೋಲ್ ಖಾಲಿಯಾದ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ, ಏಕೆಂದರೆ ಸಿಡಿಯುವುದು ಅದರೊಳಗಿನ ಆವಿ.

ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಅದಕ್ಕೆ ಉಬ್ಬಿ ಮೆತ್ತಗಾಗುತ್ತವೆ. ಎಥೆನಾಲ್ ತಡೆಯುವ ದರ್ಜೆಯ ಪೈಪನ್ನೇ ಕೇಳಿ ತನ್ನಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಬರಿದು ಮಾಡಿ. ಎಥೆನಾಲ್ ಗಾಳಿಯ ತೇವ ಹೀರುತ್ತದೆ.

ಬ್ರೇಕ್

ಕಾರು ತನ್ನ ಕಾಲ ಮೇಲೆ ಒಂದು ಅಡಿ ಚಲಿಸುವ ಮೊದಲು ಬ್ರೇಕ್ ಆಗಬೇಕು. ಇಲ್ಲಿ ಹಳೆಯ ಸಾಮಾನು ಉಳಿಸುವ ಮಾತೇ ಇಲ್ಲ. ರಬ್ಬರ್ ಸೀಲುಗಳು, ಚಕ್ರದ ಬಳಿಯ ಹೋಸುಗಳು, ಲೈನರುಗಳು ಎಲ್ಲವೂ ಹೊಸದು. ಮಾಸ್ಟರ್ ಸಿಲಿಂಡರಿನ ಒಳಗೋಡೆ ಗುಳಿ ಬಿದ್ದಿದ್ದು ಬದಲಿ ಸಿಗದಿದ್ದರೆ, ಒಳ್ಳೆಯ ಲೇತ್‌ನವರು ಸ್ಟೀಲಿನ ಸ್ಲೀವ್ ಕೂರಿಸಿ ಮೂಲ ಅಳತೆಗೆ ತರುತ್ತಾರೆ. ಡ್ರಮ್ಮಿನೊಳಗಿನ ಕಪ್ಪು ಪುಡಿಯನ್ನು ಗಾಳಿ ಊದಿ ಹಾರಿಸಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ.

ಬ್ರೇಕ್ ಪೈಪುಗಳೊಳಗಿನ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು. ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಪೆಡಲ್ ಒತ್ತಲು ಮನೆಯವರೊಬ್ಬರು ಬೇಕು. "ಒತ್ತು", "ಬಿಡು" ಎಂಬ ಎರಡೇ ಪದಗಳ ಈ ಸಂಭಾಷಣೆ ನಮ್ಮ ಮನೆಯಲ್ಲಿ ಎರಡು ಸಲ ಜಗಳಕ್ಕೆ ತಿರುಗಿದೆ. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ, ಆದ್ದರಿಂದಲೇ ಈ ಕೆಲಸ ಬಣ್ಣಕ್ಕಿಂತ ಮೊದಲು. ಟೈರಿನ ಪಕ್ಕದ ಕೊನೆಯ ನಾಲ್ಕು ಅಂಕಿಗಳನ್ನೂ ಓದಿಕೊಳ್ಳಿ. 2319 ಎಂದರೆ 2019ರ 23ನೆಯ ವಾರ. ಹಲ್ಲು ಎಷ್ಟೇ ಆಳವಿದ್ದರೂ ಹತ್ತು ವರ್ಷ ದಾಟಿದ ಟೈರನ್ನು ನಂಬಬೇಡಿ.

ಮೈಕೆಲಸ

ಮನೆಯಲ್ಲಿ ಕೆಲಸ ಮಾಡಿ ದುಡ್ಡು ಉಳಿಸುವ ನಿಜವಾದ ಜಾಗ ಇದು. ಟಿಂಕರಿಂಗ್ ಅಂಗಡಿಯಲ್ಲಿ ಕಾರು ಬಿಟ್ಟರೆ ಕೂಲಿಯ ದೊಡ್ಡ ಪಾಲು ಹೋಗುವುದು ವೆಲ್ಡಿಂಗಿಗಲ್ಲ. ಹಳೆಯ ಬಣ್ಣ, ಡಾಂಬರು, ತುಕ್ಕು ಕೆರೆಯುವುದಕ್ಕೆ. ಅದಕ್ಕೆ ಬೇಕಾದ್ದು ಕೌಶಲವಲ್ಲ, ತಾಳ್ಮೆ. ಆರು ತಿಂಗಳ ಭಾನುವಾರಗಳಲ್ಲಿ ನಾನು ಇಡೀ ತಳವನ್ನು ಕೆರೆದು ಮುಗಿಸಿದೆ. ವೆಲ್ಡರನ್ನು ಮನೆಗೆ ಕರೆಸಿದ್ದು ನಾಲ್ಕೇ ದಿನ.

ಕೆರೆಯುವಾಗ ಕನ್ನಡಕ, ಮಾಸ್ಕ್ ಬಿಡಬೇಡಿ. ಗ್ರೈಂಡರಿನ ವೈರ್ ಬ್ರಷ್ಷಿನಿಂದ ಹಾರುವ ಎಳೆ ಸೂಜಿಯಂತೆ ಚುಚ್ಚುತ್ತದೆ. ಮೇಲ್ಮೈ ತುಕ್ಕನ್ನು ಬ್ರಷ್ಷಿನಿಂದ ತೆಗೆದು, ಗುಳಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲದ ತುಕ್ಕುನಾಶಕ ಹಚ್ಚಿ. ಸ್ಕ್ರೂಡ್ರೈವರಿನಿಂದ ಕುಟ್ಟಿದಾಗ ತೂತು ಬಿದ್ದರೆ ಆ ಭಾಗವನ್ನು ಕತ್ತರಿಸಲೇಬೇಕು, ಅದರ ಮೇಲೆ ಯಾವ ಲೇಪವೂ ನಿಲ್ಲದು.

ಸಣ್ಣ ಸಾಮಾನುಗಳಿಗೆ ವಿದ್ಯುತ್ತಿನ ಉಪಾಯ ಅದ್ಭುತ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು, ಅದಕ್ಕೆ ಲೀಟರಿಗೆ ಒಂದು ಚಮಚದಂತೆ ವಾಷಿಂಗ್ ಸೋಡಾ. ತುಕ್ಕು ಹಿಡಿದ ಸಾಮಾನಿಗೆ ಬ್ಯಾಟರಿ ಚಾರ್ಜರಿನ ಋಣ ತಂತಿ, ಬಕೆಟ್ಟಿನ ಇನ್ನೊಂದು ಬದಿಯಲ್ಲಿ ಇಳಿಬಿಟ್ಟ ಹಳೆಯ ಕಬ್ಬಿಣದ ತುಂಡಿಗೆ ಧನ ತಂತಿ. ಎರಡೂ ಒಂದಕ್ಕೊಂದು ತಾಗಬಾರದು. ಮರುದಿನ ತುಕ್ಕು ಕೆಸರಾಗಿ ಕಳಚಿ ಬಿದ್ದಿರುತ್ತದೆ, ಒಳ್ಳೆಯ ಲೋಹ ಹಾಗೇ ಉಳಿದಿರುತ್ತದೆ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಬಳಸಬೇಡಿ, ನೀರು ವಿಷವಾಗುತ್ತದೆ. ಹೊರಡುವ ಗುಳ್ಳೆ ಹೈಡ್ರೋಜನ್, ಆದ್ದರಿಂದ ಬಯಲಿನಲ್ಲೇ ಮಾಡಿ.

ಪ್ಯಾಚ್ ಹಾಕುವಾಗ ತಗಡಿಗೆ ಕೈ ಹಾಕುವ ಮೊದಲು ದಪ್ಪ ಕಾಗದದಲ್ಲಿ ಅಚ್ಚು ಕತ್ತರಿಸಿಕೊಳ್ಳಿ. ಹಳೆಯ ಲಗ್ನಪತ್ರಿಕೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ತಳಕ್ಕೆ 1 ಮಿ.ಮೀ. ಆಸುಪಾಸಿನ ಸಿ.ಆರ್. (ಕೋಲ್ಡ್ ರೋಲ್ಡ್) ಶೀಟ್ ತನ್ನಿ. ಸತು ಲೇಪಿಸಿದ ಜಿ.ಐ. ತಗಡು ಬೇಡ, ವೆಲ್ಡ್ ಮಾಡುವಾಗ ಅದರ ಸತುವಿನ ಹೊಗೆ ಜ್ವರ ಬರಿಸುತ್ತದೆ. ಗ್ಯಾಸ್ ವೆಲ್ಡಿಂಗಿನ ಶಾಖಕ್ಕೆ ತೆಳು ತಗಡು ಸೊಟ್ಟಗಾಗುತ್ತದೆ, ಆದ್ದರಿಂದ ಮಿಗ್ ವೆಲ್ಡಿಂಗ್ ಇರುವವರನ್ನೇ ಕರೆಸಿ. ಒಂದೇ ಗೆರೆಯಾಗಿ ಎಳೆಯಲು ಬಿಡಬೇಡಿ. ಇಲ್ಲೊಂದು ಚುಕ್ಕೆ, ಆ ತುದಿಯಲ್ಲೊಂದು, ನಡುವೆ ಒಂದು, ಹೀಗೆ ಆರಿಸುತ್ತ ಚುಕ್ಕೆಗಳನ್ನು ಕೂಡಿಸಬೇಕು. ವೆಲ್ಡರ್ ಗೊಣಗುತ್ತಾರೆ; ಚಹಾ ಕೊಡಿ.

ಸಿಲ್ ಬದಲಿಸಬೇಕಾದರೆ ಇದನ್ನು ಎರಡು ಸಲ ಓದಿಕೊಳ್ಳಿ. ಎರಡೂ ಕಡೆಯದನ್ನು ಒಟ್ಟಿಗೆ ಕತ್ತರಿಸಬಾರದು. ಮೊದಲು ಕಾರನ್ನು ಮಟ್ಟವಾಗಿ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಬಾಗಿಲಿನ ಚೌಕಟ್ಟಿನೊಳಗೆ ಚೌಕ ಪೈಪಿನ ಆಸರೆಯನ್ನು ಅಡ್ಡಲಾಗಿಯೂ ಮೂಲೆಯಿಂದ ಮೂಲೆಗೂ ವೆಲ್ಡ್ ಮಾಡಿಸಿ, ಆಮೇಲೆ ಕತ್ತರಿಸಿ. ಒಂದು ಕಡೆ ಮುಗಿಸಿ, ಆಸರೆ ತೆಗೆದು, ಬಾಗಿಲು ಹಾಕಿ ನೋಡಿ. ಸುತ್ತಲಿನ ಸಂದು ಸಮನಾಗಿದ್ದರೆ ಮಾತ್ರ ಇನ್ನೊಂದು ಕಡೆಗೆ ಹೋಗಿ. ಸಿಲ್ಲಿನ ಕೆಳಗೆ ನೀರು ಇಳಿಯುವ ತೂತುಗಳಿರುತ್ತವೆ, ಅವನ್ನು ಮುಚ್ಚಿಬಿಡಬಾರದು. ಎಲ್ಲ ಮುಗಿದ ಮೇಲೆ ಟೊಳ್ಳಿನೊಳಗೆ ಮೇಣದ ಲೇಪ ಸಿಂಪಡಿಸಿ.

ಬರಿ ತಗಡು ಒಂದು ರಾತ್ರಿಯೂ ಬೆತ್ತಲೆ ಇರಬಾರದು. ಕೆರೆದ ಭಾಗಕ್ಕೆ ಅದೇ ದಿನ ಎಪಾಕ್ಸಿ ಪ್ರೈಮರ್. ಅದರ ಮೇಲೆ ಪುಟ್ಟಿ ಎರಡು ಮೂರು ಮಿ.ಮೀ. ದಾಟಬಾರದು, ದಾಟುತ್ತದೆ ಎಂದರೆ ತಗಡಿನ ತಗ್ಗನ್ನು ಇನ್ನೂ ಬಡಿದು ಎತ್ತಬೇಕು ಎಂದರ್ಥ.

ಬಣ್ಣ

ಉಜ್ಜುವುದು ನಿಮ್ಮ ಕೆಲಸ, ಹೊಡೆಯುವುದು ಬೂತ್ ಇರುವವರ ಕೆಲಸ. ಈಗಿನ ಪಿ.ಯು. (ಪಾಲಿಯುರೆಥೇನ್) ಬಣ್ಣದ ಹಾರ್ಡನರಿನಲ್ಲಿ ಐಸೊಸಯನೇಟ್ ಇದೆ. ಸಾಧಾರಣ ಮಾಸ್ಕ್ ಅದನ್ನು ತಡೆಯುವುದಿಲ್ಲ, ಒಮ್ಮೆ ಅಲರ್ಜಿಯಾದರೆ ಜೀವನಪೂರ್ತಿ ಉಬ್ಬಸ. ಪೋರ್ಟಿಕೋದಲ್ಲಿ ಸೀರೆ ಕಟ್ಟಿ ಹೊಡೆಯುವ ಸಾಹಸ ಬೇಡ.

ಪುಟ್ಟಿಯನ್ನು 80ರ ಉಜ್ಜುಕಾಗದದಿಂದ ಆಕಾರಕ್ಕೆ ತಂದು 180, 320ಕ್ಕೆ ಏರಿಸಿ. ಬಣ್ಣದ ಅಡಿಯ ಲೇಪವಾದ ಸರ್ಫೇಸರ್ ಹೊಡೆದ ಮೇಲೆ ಕಪ್ಪು ಸ್ಪ್ರೇಯನ್ನು ದೂರದಿಂದ ಧೂಳಿನಂತೆ ಎರಚಿ, ಮರದ ತುಂಡಿಗೆ ಸುತ್ತಿದ ಕಾಗದದಿಂದ ಉಜ್ಜಿ. ಕಪ್ಪು ಉಳಿದ ಕಡೆ ತಗ್ಗು, ಬೇಗ ಹೋದ ಕಡೆ ಉಬ್ಬು. ಕೊನೆಗೆ 600 ಅಥವಾ 800. ಬರಿಗೈಯಲ್ಲಿ ಉಜ್ಜಿದರೆ ಬೆರಳಿನ ಗೆರೆಗಳು ಬಣ್ಣದಲ್ಲಿ ಮೂಡುತ್ತವೆ. ಸರ್ಫೇಸರ್ ನೀರು ಹೀರುತ್ತದೆ, ಆ ಸ್ಥಿತಿಯಲ್ಲಿ ಕಾರನ್ನು ಮಳೆಗೆ ಬಿಡಬೇಡಿ. ತುಮಕೂರಿನಲ್ಲಿ ನಾನು ಈ ಹಂತಕ್ಕೆ ಜನವರಿಯಿಂದ ಏಪ್ರಿಲ್ ಇಟ್ಟುಕೊಂಡೆ.

ಗಾಜು, ಬೀಡಿಂಗ್ ಎಲ್ಲ ಬಿಚ್ಚಿಯೇ ಬಣ್ಣಕ್ಕೆ ಕೊಡಿ. ನನ್ನ ಮೊದಲ ಪೇಂಟರ್ "ಟೇಪ್ ಹಾಕಿ ಹೊಡೆಯುತ್ತೇನೆ, ಏನೂ ಆಗುವುದಿಲ್ಲ" ಎಂದರು. ನಾನೂ ದಣಿದಿದ್ದೆ, ಹೂಂ ಎಂದೆ. ಮುಂದಿನ ಮಳೆಗಾಲಕ್ಕೆ ಮುಂಗಾಜಿನ ಕೆಳಗೆ ಸಾಲಾಗಿ ಗುಳ್ಳೆ ಎದ್ದವು. ಗಾಜು ತೆಗೆದು ಮತ್ತೆ ಕೆರೆದು ಹೊಡೆಸಬೇಕಾಯಿತು. ಬಣ್ಣವನ್ನೇ ಬದಲಿಸುವ ಆಸೆಯಿದ್ದರೆ ಸಾರಿಗೆ ಕಚೇರಿಗೆ ತಿಳಿಸಿ ಆರ್.ಸಿ.ಯಲ್ಲಿ ನಮೂದಿಸಬೇಕು. ಬಿಳಿಗೆ ಬಿಳಿ ಹೊಡೆದರೆ ಬಾಗಿಲ ಸಂದು, ಬಾನೆಟ್ಟಿನ ಒಳಗು ಎಲ್ಲಕ್ಕೂ ಬಣ್ಣ ಬಳಿಯುವ ಖರ್ಚೂ ತಪ್ಪುತ್ತದೆ.

ಬೀಡಿಂಗ್, ಕ್ರೋಮ್, ವೈರಿಂಗ್

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೀಡಿಂಗ್ ರಬ್ಬರು ಅಳತೆಯ ಮೇಲೆ ಸಿಗುತ್ತದೆ. ಹೆಸರು ಹೇಳಿ ಕೇಳಬೇಡಿ, ಹಳೆಯ ಬೀಡಿಂಗಿನ ಗೇಣುದ್ದದ ತುಂಡನ್ನು ತೋರಿಸಿ. ವಾರದ ದಿನ ಬೆಳಗ್ಗೆಯೇ ಹೋದರೆ ಅಂಗಡಿಯವರಿಗೆ ಹುಡುಕುವ ಪುರುಸೊತ್ತು ಇರುತ್ತದೆ. ಅಲ್ಲಿ ಸಿಗದ್ದಕ್ಕೆ ಶಿವಾಜಿನಗರದ ಗುಜರಿ, ಅದೂ ಆಗದಿದ್ದರೆ ಚೆನ್ನೈನ ಪುದುಪೇಟೆ.

ಕ್ರೋಮ್ ಬಂಪರಿನ ಸಣ್ಣ ತುಕ್ಕಿಗೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿ. ಕ್ರೋಮಿಗಿಂತ ಅದು ಮೆದು, ಗೀಚುವುದಿಲ್ಲ. ಇಷ್ಟಕ್ಕೇ ಮುಕ್ಕಾಲು ಹೊಳಪು ಬಂದರೆ ಪ್ಲೇಟಿಂಗ್ ಅಂಗಡಿಗೆ ಕೊಡಬೇಡಿ.

ವೈರಿಂಗಿನ ಶತ್ರು ಇಲಿ. ನಿಂತ ಕಾರಿನ ಡ್ಯಾಶ್‌ಬೋರ್ಡಿನ ಹಿಂದೆ ಅದು ಸಂಸಾರ ಹೂಡಿರುತ್ತದೆ. ಬ್ಯಾಟರಿ ಕಳಚಿ, ಕಡಿದ ತಂತಿಗಳನ್ನು ಅದೇ ಬಣ್ಣ, ಅದೇ ದಪ್ಪದ ತಂತಿಯಿಂದ ಬೆಸೆಯಿರಿ, ತಿರುಚಿ ಟೇಪ್ ಸುತ್ತಬೇಡಿ. ಯಾವುದೋ ದೀಪ ಮಂಕಾಗಿದ್ದರೆ ಸ್ವಿಚ್ ಬೈಯುವ ಮೊದಲು ಅರ್ತ್ ಬೋಲ್ಟಿನಡಿಯ ಬಣ್ಣ ಕೆರೆದು ನೋಡಿ. ಹೊಸ ಬಣ್ಣದ ಕಾರಿನಲ್ಲಿ ಹತ್ತಕ್ಕೆ ಎಂಟು ದೋಷ ಅಲ್ಲೇ ಸಿಗುತ್ತವೆ. ಹೆಡ್‌ಲೈಟಿಗೆ ಫ್ಯೂಸ್ ಸಮೇತ ರಿಲೇ ಹಾಕಿದರೆ ಹಳೆಯ ಸ್ವಿಚ್ ಸುಡುವುದಿಲ್ಲ.

ಸೀಟಿನ ಕುಷನ್, ರೆಕ್ಸಿನ್ ಕೆಲಸವನ್ನು ಎಲ್ಲಕ್ಕಿಂತ ಕೊನೆಗೆ ಇಡಿ. ನೆಲದ ಕಾರ್ಪೆಟ್ಟನ್ನಂತೂ ಒಂದು ಮಳೆಗಾಲ ಕಳೆಯುವವರೆಗೆ ಅಂಟಿಸಲೇಬೇಡಿ.

ರಸ್ತೆಗೆ

ಮೊದಲ ಓಟ ಬಡಾವಣೆಯೊಳಗೆ, ಎರಡನೆಯದು ಊರ ಸುತ್ತ, ಮೂರನೆಯದು ಹೆದ್ದಾರಿ. ಪ್ರತಿ ಸಲ ಬಂದ ಮೇಲೆ ಚಕ್ರದ ನಟ್ಟು, ಸ್ಟೀರಿಂಗ್ ಕೀಲುಗಳ ಬೋಲ್ಟು, ಆಯಿಲ್, ಕೂಲಂಟ್, ಬ್ರೇಕ್ ಆಯಿಲ್ ಮಟ್ಟ ನೋಡಿ. ಚಕ್ರದ ಡ್ರಮ್ಮನ್ನು ಮುಟ್ಟಿ. ಒಂದು ಮಾತ್ರ ಸುಡುತ್ತಿದ್ದರೆ ಆ ಬ್ರೇಕ್ ಹಿಡಿದುಕೊಂಡಿದೆ. ಹೆಡ್ ಇಳಿಸಿದ್ದರೆ 500 ಕಿ.ಮೀ.ಗೆ ಆಯಿಲ್ ಬದಲಿಸಿ, ವಾಲ್ವ್ ಅಂತರ ಮತ್ತೆ ಅಳೆಯಿರಿ.

ನೋಂದಣಿಯ ಹದಿನೈದು ವರ್ಷ ಎಂದೋ ಮುಗಿದಿರುತ್ತದೆ. ನವೀಕರಣಕ್ಕೆ ಫಾರಂ 25, ಜೊತೆಗೆ ವಿಮೆ, ಹೊಗೆ ಪ್ರಮಾಣಪತ್ರ, ಬಾಕಿ ತೆರಿಗೆ. ಸಾರಿಗೆ ಕಚೇರಿಯಲ್ಲಿ ಕಾರನ್ನು ತೋರಿಸಬೇಕು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದವುಗಳಿಗೆ 10,000 ಆಯಿತು. ನವೀಕರಣ ಐದು ವರ್ಷಕ್ಕೆ. ಮೊದಲ ದಿನದ ಬಜೆಟ್ಟಿನಲ್ಲೇ ಇದನ್ನು ಬರೆದುಕೊಳ್ಳಿ. ವಿಂಟೇಜ್ ವಾಹನದ ನೋಂದಣಿ ಮಾಡಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಅದಕ್ಕೆ ಐವತ್ತು ವರ್ಷ ತುಂಬಿರಬೇಕು, ಅತ್ಯಂತ ಹಳೆಯ ಕಾಂಟೆಸ್ಸಾಕ್ಕೂ ಇನ್ನೂ ಆ ವಯಸ್ಸಾಗಿಲ್ಲ.

ನನ್ನ ಕಾರು ಈಗ ಓಡುತ್ತಿದೆ. ಡಿಕ್ಕಿಯೊಳಗೆ ಮಾತ್ರ ಎಲ್ಲಿಂದಲೋ ನೀರು ಹನಿಯುತ್ತಿದೆ. ಬೀಡಿಂಗ್ ಎರಡು ಸಲ ಬದಲಿಸಿದೆ, ದೀಪಗಳ ಗ್ಯಾಸ್ಕೆಟ್ ಬದಲಿಸಿದೆ, ನಿಂತಿಲ್ಲ. ಉಳಿದಿರುವುದು ಒಂದೇ ದಾರಿ. ನಾನು ಟಾರ್ಚ್ ಹಿಡಿದು ಡಿಕ್ಕಿಯೊಳಗೆ ಮುದುಡಿ ಮಲಗುವುದು, ಮಗ ಹೊರಗಿನಿಂದ ಪೈಪಿನಲ್ಲಿ ನೀರು ಬಿಡುವುದು. ಕೀಲಿಕೈಯನ್ನು ನನ್ನ ಬಳಿಯೇ ಇಟ್ಟುಕೊಂಡರೂ ಒಳಗಿನಿಂದ ಅದಕ್ಕೆ ತೂತಿಲ್ಲ ಎಂಬುದು ನೆನಪಾಗಿ, ಡಿಕ್ಕಿಯ ಬೀಗವನ್ನೇ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದೇನೆ.